ಎಡಗೈಗೆ ಮಸೆದ ಚಾಕು

ಮೇಸ್ತ್ರಿಗಳು ತೀರಿಕೊಂಡ ಹನ್ನೊಂದನೆಯ ದಿನ ಗೌರಿಬಿದನೂರಿನ ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಕೂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಎಂಥಾ ಕೈಗುಣ ಅವರದು, ಒಣಗಿದ ಕಡ್ಡಿ ನೆಟ್ಟರೂ ಚಿಗುರುತ್ತಿತ್ತು ಎಂದು. ನನ್ನ ಪಕ್ಕದ ಹೆಂಗಸು ತಮ್ಮ ಹಿತ್ತಲಿನಲ್ಲಿ ಅವರು ಕಸಿ ಕಟ್ಟಿಕೊಟ್ಟ ಬಾದಾಮಿ ಮಾವಿನ ಕಥೆ ಹೇಳುತ್ತಾ ಪಾಯಸ ಬಿಟ್ಟು ಕಣ್ಣೊರೆಸಿಕೊಂಡರು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಸಾವಿನ ಮನೆಯಲ್ಲಿ ವಾದ ಮಾಡಬಾರದು ಎನ್ನುವಷ್ಟು ಬುದ್ಧಿ ನನಗಿದೆ. ಆದರೆ ಕೊನೆಯ ಮೂರ್ನಾಲ್ಕು ವರ್ಷ ಯಾರಾದರೂ ಎದುರಿಗೆ ಕೈಗುಣ ಎಂದರೆ ಸಾಕು, ಆ ಮನುಷ್ಯ ಎದ್ದು ಹೋಗುತ್ತಿದ್ದರು. ಅದು ಯಾಕೆ ಅಂತ ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಉಂಡು ಬಂದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಪೆರೇಸಂದ್ರ ದಾಟಿದ ಮೇಲೆ ಹೈವೇ ಪಕ್ಕದಲ್ಲಿ ಒಂದು ನರ್ಸರಿಯಿದೆ. ಮಾವು, ಸಪೋಟ, ಸೀಬೆ ಸಸಿ ಮಾಡಿ ಮಾರುತ್ತಾರೆ. ಅಲ್ಲಿ ಯಜಮಾನರಿಂದ ಹಿಡಿದು ಲಾರಿಗೆ ಸಸಿ ತುಂಬುವವರವರೆಗೆ ಎಲ್ಲರಿಗೂ ಅವರು ಬರೀ ಮೇಸ್ತ್ರಿ. ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಅರವತ್ತು ದಾಟಿತ್ತು. ಹತ್ತಾರು ತೋಟಗಳಲ್ಲಿ ಕಸಿ ಕಟ್ಟಿ ಬಂದವರು. ಬಿಳಿ ಅರ್ಧ ತೋಳಿನ ಷರಟು, ಜೇಬಿನಲ್ಲಿ ಒಂದು ಪೆನ್ನು. ಆ ಪೆನ್ನಿನಲ್ಲಿ ಅವರು ಬರೆದದ್ದನ್ನು ಕಂಡವರಿಲ್ಲ. ಬೆನ್ನು ಕೆರೆದುಕೊಳ್ಳಲು ಬಳಸುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಮುದ್ದೆ ಮುರಿಯುವಾಗ ಸಸಿಗಳ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಯಾಕೆ ಎಂದು ಕೇಳಿದರೆ, ಬೆಳಿಗ್ಗೆಯಿಂದ ನೋಡಿದ್ದೀನಿ, ಅವಕ್ಕೂ ಸ್ವಲ್ಪ ನೆಮ್ಮದಿ ಬೇಡವಾ ಎನ್ನುತ್ತಿದ್ದರು.

ಅವರ ಮಾತು ಕಡಿಮೆ, ಆದರೆ ಆಡಿದ್ದು ಅಲ್ಲೇ ಕೂತುಬಿಡುತ್ತಿತ್ತು. ಕಸಿಯನ್ನು ಗಿಡಗಳ ಮದುವೆ ಅಂತ ಯಾರಾದರೂ ಬಣ್ಣ ಹಚ್ಚಿ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಮಾವಿನ ವಾಟೆಯಿಂದ ಎದ್ದ ನಾಟಿ ಸಸಿಗೆ ಒಂದು ಗಾಯ, ಒಳ್ಳೇ ಜಾತಿ ಮರದಿಂದ ತಂದ ಕಡ್ಡಿಗೆ ಒಂದು ಗಾಯ, ಎರಡು ಗಾಯ ಒಂದನ್ನೊಂದು ಮುಚ್ಚಿಕೊಂಡರೆ ಕಸಿ, ಇಲ್ಲದಿದ್ದರೆ ಸೌದೆ ಎನ್ನುತ್ತಿದ್ದರು. ಅಮಾವಾಸ್ಯೆ, ರಾಹುಕಾಲ ಯಾವುದನ್ನೂ ನೋಡುತ್ತಿರಲಿಲ್ಲ. ಯಜಮಾನರು ಪಂಚಾಂಗ ತೆಗೆದರೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಷ್ಟೊಂದು ನಂಬದ ಮನುಷ್ಯ ಕೈಗುಣವನ್ನು ಮಾತ್ರ ಗಟ್ಟಿಯಾಗಿ ನಂಬಿದ್ದರು, ಯಾಕೆಂದರೆ ಅದು ಅವರ ಹತ್ತಿರ ಇತ್ತು. ನೂರು ಕಟ್ಟಿದರೆ ತೊಂಬತ್ತಕ್ಕೂ ಮೇಲೆ ಹಿಡಿಯುತ್ತಿದ್ದವು. ಇದ್ದವರಿಗೆ ದೇವರ ಮೇಲೆ ಭಕ್ತಿ ಜಾಸ್ತಿ ಅಂತ ನಮ್ಮಮ್ಮ ಹೇಳುವುದು ಸುಳ್ಳಲ್ಲ.

ನರ್ಸರಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು, ಎರಡೂ ಅವರು ತಂದದ್ದು. ಕಸಿ ಕಟ್ಟುವ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ. ಅವರದು ಕೆಂಪು, ನನಗೆ ಸಿಕ್ಕಿದ್ದು ಹಳದಿ. ಮೂರು ವಾರ ಕಳೆದ ಮೇಲೆ ಒಣಗಿದ ಕಸಿಗಳನ್ನೆಲ್ಲ ಕಿತ್ತು, ಯಾರ ಬಣ್ಣವೋ ಅವರ ಮುಂದೆ ರಾಶಿ ಹಾಕುತ್ತಿದ್ದರು. ಒಂದು ಮಾತೂ ಬೈಯುತ್ತಿರಲಿಲ್ಲ. ಇನ್ನೊಂದು ಕಟ್ಟುಪಾಡು ಚಾಕುವಿನದು. ಒಬ್ಬರ ಚಾಕುವನ್ನು ಇನ್ನೊಬ್ಬರು ಮುಟ್ಟಿ ಕಡ್ಡಿ ಕೆತ್ತಬಾರದು. ಚಾಕು ಒಂದು ಕೈಗೆ ಒಗ್ಗಿರುತ್ತೆ, ಬೇರೆ ಕೈ ಬಿದ್ದರೆ ಕೆಡುತ್ತೆ ಅಂತ. ಮಸೆಯಲು ಮೇಸ್ತ್ರಿ ಕೈಗೆ ಕೊಡಬಹುದಿತ್ತು, ಅಷ್ಟೇ. ಮಸೆದವರೂ ಅದರಲ್ಲಿ ಕಡ್ಡಿ ಕೆತ್ತಿ ನೋಡುತ್ತಿರಲಿಲ್ಲ.

ನಾನು ಶಿಡ್ಲಘಟ್ಟದವಳು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಟ್ಟಿದ್ದು ಎಡಚಿಯಾಗಿ. ಅನ್ನದ ತಟ್ಟೆಗೆ ಎಡಗೈ ಹೋದಾಗಲೆಲ್ಲ ಅಮ್ಮ ಸೌಟಿನಿಂದ ಕೊಟ್ಟು ಕೊಟ್ಟು ಉಣ್ಣುವುದು ಬಲಗೈಗೆ ಬಂತು, ಶಾಲೆಯಲ್ಲಿ ಬರೆಯುವುದೂ ಬಂತು. ಸೊಪ್ಪು ಕೊಯ್ಯುವುದು, ತರಕಾರಿ ಹೆಚ್ಚುವುದು ಮಾತ್ರ ಎಡಗೈಯಲ್ಲೇ ಉಳಿಯಿತು, ಯಾಕೆಂದರೆ ಕೆಲಸ ಆಗುವುದು ಮುಖ್ಯ, ಅದಕ್ಕೆ ಅಮ್ಮ ಏಟು ಕೊಡಲಿಲ್ಲ. ತೋಟಗಾರಿಕೆ ಡಿಪ್ಲೊಮಾ ಮುಗಿಸಿ ನರ್ಸರಿಗೆ ಸೇರಿದಾಗ ಸ್ವಂತ ಚಾಕು ತರಬೇಕು ಎಂದರು. ಚಿಂತಾಮಣಿ ಸಂತೆಯಲ್ಲಿ ಹಳೇ ಕಬ್ಬಿಣ ಮಾರುವವರ ಗೋಣಿಚೀಲದ ಮೇಲೆ, ತುಕ್ಕು ಹಿಡಿದ ಬೀಗ ಮತ್ತು ಸ್ಪ್ಯಾನರ್‌ಗಳ ನಡುವೆ ಒಂದು ಮಡಚುವ ಚಾಕು ಸಿಕ್ಕಿತು. ಮರದ ಹಿಡಿ, ಹಿತ್ತಾಳೆ ಮೊಳೆ, ಹಿಂದೆ ಯಾರೋ ಕಸಿಗೇ ಬಳಸಿದ್ದ ಚಾಕು ಅಂತ ಆಕಾರ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಬಂದವರು ಅದರಲ್ಲಿ ವೈರು ಸುಲಿದು, ಡಬ್ಬದ ಮುಚ್ಚಳ ಎಬ್ಬಿಸಿ ಬಾಯಿ ಹಾಳು ಮಾಡಿದ್ದರು. ಅಲಗಿನ ಉದ್ದಕ್ಕೂ ಮೂರು ಕಡೆ ಮುಕ್ಕು. ಬಿಚ್ಚಲು ಹಲ್ಲು ಬೇಕಾಗುತ್ತಿತ್ತು.

ಮೇಸ್ತ್ರಿ ಅದನ್ನು ನೋಡಿ ನಗಲಿಲ್ಲ. ಕೀಲಿಗೆ ಸೀಮೆಎಣ್ಣೆ ಬಿಟ್ಟು ಒಂದು ದಿನ ಬಿಸಿಲಲ್ಲಿ ಇಟ್ಟರು. ಮಾರನೇ ದಿನ ಒರಟು ಕಲ್ಲಿನ ಮೇಲೆ ಅಲಗನ್ನು ಲಂಬವಾಗಿ ನಿಲ್ಲಿಸಿ, ಕಲ್ಲನ್ನೇ ಕೊಯ್ಯುವವರಂತೆ ಎಳೆಯತೊಡಗಿದರು. ಇದ್ದಬದ್ದ ಹರಿತವೂ ಹೋಯಿತಲ್ಲ ಎಂದುಕೊಂಡೆ. ಮುಕ್ಕಿನ ತಳ ಮುಟ್ಟೋವರೆಗೂ ಒಳ್ಳೇ ಅಂಚೂ ಕಳೀಬೇಕು ಕಣಮ್ಮ, ಮುಕ್ಕನ್ನ ಮಾತ್ರ ತೆಗೀತೀನಿ ಅಂದ್ರೆ ಆಗಲ್ಲ ಎಂದರು. ಅಂಚು ಮೊಂಡಾಗಿ ನೇರವಾದ ಮೇಲೆ ಒಂದು ಮಗ್ಗುಲನ್ನು ಓರೆಯಾಗಿ ಮಸೆದರು. ಇನ್ನೊಂದು ಮಗ್ಗುಲನ್ನು ಹಲಗೆಯ ಹಾಗೆ ಚಪ್ಪಟೆ ಬಿಟ್ಟರು. ಕಸಿ ಚಾಕು ಇರುವುದೇ ಹಾಗೆ, ಒಂದೇ ಕಡೆ ಇಳಿಜಾರು. ಕೊನೆಗೆ ಹಳೇ ಬೆಲ್ಟಿನ ಮೇಲೆ ಎಳೆದು, ದಿನಪತ್ರಿಕೆ ಹಾಳೆ ಗಾಳಿಯಲ್ಲಿ ಹಿಡಿದು ಸೀಳಿ ತೋರಿಸಿ ಕೈಗಿಟ್ಟರು. ಗುಜರಿಯ ಚಾಕು ಹೊಸದರಂತೆ ಹೊಳೆಯುತ್ತಿತ್ತು.

ಅಂಥ ಚಾಕುವಿನಲ್ಲಿ ನಾನು ಕಟ್ಟಿದ ಕಸಿಗಳು ಸತ್ತವು. ಮೊದಲ ಮೂರು ವಾರಕ್ಕೆ ನನ್ನ ಮುಂದೆ ಬಿದ್ದ ರಾಶಿ ಎಲ್ಲರ ರಾಶಿಗಿಂತ ಎತ್ತರ. ಹೊಸಬಳು ಎಂದು ಬಿಟ್ಟರು. ಎರಡನೆಯ ಸಲವೂ ಅಷ್ಟೇ, ಮೂರನೆಯ ಸಲವೂ ಅಷ್ಟೇ. ಕಡ್ಡಿ ಅವರೇ ಆರಿಸಿದ್ದು, ಸಸಿ ಅವರೇ ನೋಡಿದ್ದು, ಚಾಕು ಅವರೇ ಮಸೆದದ್ದು. ಇನ್ನು ಉಳಿದದ್ದು ನಾನು. ನಾಲ್ಕನೆಯ ರಾಶಿಯ ಮುಂದೆ ನಿಂತು, ಬೇಜಾರಿನಿಂದಲೇ, ಎಲ್ಲರಿಗೂ ಕೇಳುವ ಹಾಗೆ ಅವರು ಹೇಳಿದರು:

"ಈ ಮಗೂಗೆ ಕೈಗುಣ ಇಲ್ಲ. ಏನ್ಮಾಡೋದು, ಕೆಲವರ ಕೈ ಹಂಗೆ."

ಪಕ್ಕದಲ್ಲಿದ್ದ ಬಾಗೇಪಲ್ಲಿ ಕಡೆಯ ಹೆಂಗಸು, ಎಡಗೈ ಬೇರೆ, ಚೆಯ್ಯಿ ಮಂಚಿದಿ ಕಾದು, ಕೈ ಒಳ್ಳೇದಲ್ಲ ಎಂದು ತನ್ನ ತೆಲುಗಿನಲ್ಲಿ ಅದಕ್ಕೆ ಮೊಹರು ಒತ್ತಿದಳು. ಮಾರನೇ ದಿನದಿಂದ ನನ್ನನ್ನು ಪ್ಯಾಕೆಟ್‌ಗೆ ಮಣ್ಣು ತುಂಬುವ ಕೆಲಸಕ್ಕೆ ಹಾಕಿದರು. ಆ ಸೀಸನ್ ಮುಗಿಯುವುದರೊಳಗೆ ಕಸಿ ಸಾಲಿಗೆ ವಾಪಸ್ ಹೋಗದಿದ್ದರೆ ಡಿಪ್ಲೊಮಾ ಹಿಡಿದುಕೊಂಡು ಮಣ್ಣು ತುಂಬುತ್ತಲೇ ಇರಬೇಕಿತ್ತು, ಇಲ್ಲವೇ ಬಿಟ್ಟು ಹೋಗಬೇಕಿತ್ತು. ಮಾತಿಗೆ ಕಾಲಿದೆಯಲ್ಲ, ನರ್ಸರಿಯಿಂದ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೂ ಬಂತು. ಹೊಸ ಮರಿಹುಳುಗಳಿಗೆ ಮೊದಲ ಸೊಪ್ಪು ಹಾಕಲು ಹೋದಾಗ ಅತ್ತಿಗೆ, ನೀನು ಬಿಡಮ್ಮ, ನಾನು ಹಾಕ್ತೀನಿ ಎಂದು ಸೊಪ್ಪಿನ ಜಲ್ಲೆ ಬುಟ್ಟಿ ಎಳೆದುಕೊಂಡರು. ಅವರು ಮೆತ್ತಗೇ ಹೇಳಿದರು. ಅವತ್ತು ನನಗೆ ಮೇಸ್ತ್ರಿಯ ಮೇಲೆ ಬಂದ ಸಿಟ್ಟು ಇಷ್ಟು ವರ್ಷದ ಮೇಲೂ ಪೂರ್ತಿ ಹೋಗಿಲ್ಲ. ಅದನ್ನು ಮುಚ್ಚಿಟ್ಟು ಅವರ ಚಿತ್ರ ಬರೆದರೆ ಅದು ಅವರ ಚಿತ್ರವಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನಗೇ ಅನುಮಾನ ಹತ್ತಿತ್ತು. ಸ್ನಾನ ಮಾಡುವಾಗ ಎಡಗೈ ನೋಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಮೇಸ್ತ್ರಿ ನೀರಿನ ಪೈಪು ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಬ್ಯಾಂಡೇಜು ಹಾಕಿ ಕೊರಳಿಗೆ ಕೈ ತೂಗು ಹಾಕಿದರು. ಮನೆಯಲ್ಲಿರಿ ಎಂದರೆ ಕೇಳಲಿಲ್ಲ, ದಿನಾ ಬಂದು ನೆರಳು ಬಲೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕರೆಸಿದರು. ನಾನು ಮಣ್ಣು ಕೈಯಲ್ಲೇ ಹೋದೆ. ಕೈಯಲ್ಲಿದ್ದ ಒಂದು ಮಾವಿನ ಕಡ್ಡಿ ಮುಂದೆ ಚಾಚಿ, ಇದು ಯಾರು ಕೆತ್ತಿದ್ದು ಹೇಳು ಎಂದರು. ನೋಡಿದರೆ ಗೊತ್ತಾಗುತ್ತಿತ್ತು. ಕೊಯ್ತದ ನಡುವೆ ಚಮಚದಂತೆ ಗುಳಿ ಬಿದ್ದಿತ್ತು. ನನ್ನ ಸತ್ತ ಕಸಿಗಳನ್ನು ಬಿಚ್ಚಿದಾಗೆಲ್ಲ ಅಂಥದೇ ಗುಳಿ ಇರುತ್ತಿತ್ತು.

"ನಂದೇ ಮೇಸ್ತ್ರಿ."

"ನಿಂದಲ್ಲ, ನಂದು. ಈಗ ಕೆತ್ತಿದ್ದು. ಎಡಗೈಯಲ್ಲಿ."

ಕುರ್ಚಿಯ ಕೆಳಗೆ ಹತ್ತಿಪ್ಪತ್ತು ಕಡ್ಡಿ ಬಿದ್ದಿದ್ದವು. ಬೇಜಾರಿಗೆ ತಮ್ಮ ಚಾಕುವಿನಲ್ಲೇ ಕೆತ್ತತೊಡಗಿದ್ದರಂತೆ. ಮೊದಲು ಅಭ್ಯಾಸವಿಲ್ಲದ ಕೈ ಎಂದುಕೊಂಡರಂತೆ. ಆಮೇಲೆ ಎಷ್ಟು ನಿಧಾನ ಮಾಡಿದರೂ ಅದೇ ಗುಳಿ ಬಂದಾಗ ಚಾಕುವನ್ನು ತಿರುಗಿಸಿ ನೋಡಿದ್ದಾರೆ. ಬಲಗೈಯಲ್ಲಿ ಹಿಡಿದರೆ ಚಪ್ಪಟೆ ಮಗ್ಗುಲು ಕಡ್ಡಿಗೆ ಒರಗಿ ಜಾರುತ್ತದೆ, ಕೊಯ್ತ ನೇರ ಬರುತ್ತದೆ. ಎಡಗೈಗೆ ಹೋದರೆ ಇಳಿಜಾರಿನ ಮಗ್ಗುಲು ಕಡ್ಡಿಗೆ ಬಂದು ಅಲಗು ಏಳುತ್ತದೆ, ಬಗೆಯುತ್ತದೆ. ಗುಳಿ ಬಿದ್ದ ಗಾಯ ಇನ್ನೊಂದು ಗಾಯವನ್ನು ಮುಟ್ಟುವುದಿಲ್ಲ, ನಡುವೆ ಗಾಳಿ ಸೇರಿ ಒಣಗುತ್ತದೆ. ಇಷ್ಟೇ. ಒಬ್ಬರ ಚಾಕು ಇನ್ನೊಬ್ಬರು ಮುಟ್ಟದ ಊರಿನಲ್ಲಿ ಇಷ್ಟು ತಿಳಿಯಲು ಒಂದು ಮೂಳೆ ಮುರಿಯಬೇಕಾಯಿತು. ಅವರು ಕ್ಷಮಿಸು ಎನ್ನಲಿಲ್ಲ. ನಿನ್ನ ಚಾಕು ತಗೊಂಡು ಬಾ ಎಂದರು.

ಅವರ ಬಲಗೈ ಕಟ್ಟಿತ್ತು, ಹಾಗಾಗಿ ಮಸೆಯುವ ಕೆಲಸ ನನ್ನದಾಯಿತು. ಒಮ್ಮೆ ಒಂದು ಕಡೆಗೆ ಇಳಿಸಿದ ಅಂಚನ್ನು ಇನ್ನೊಂದು ಕಡೆಗೆ ತಿರುಗಿಸುವುದು ಸುಲಭವಲ್ಲ. ಹಳೇ ಇಳಿಜಾರು ಪೂರ್ತಿ ಹೋಗುವವರೆಗೆ ಅಲಗನ್ನೇ ಸವೆಸಿ, ಆಮೇಲೆ ಎದುರು ಮಗ್ಗುಲಲ್ಲಿ ಹೊಸ ಇಳಿಜಾರು ಎಬ್ಬಿಸಬೇಕು. ದಿನಾ ಮಣ್ಣು ತುಂಬುವ ಕೆಲಸ ಮುಗಿಸಿ ಒಂದು ಗಂಟೆ ಅವರ ಕುರ್ಚಿಯ ಪಕ್ಕ ಕಲ್ಲು ಹಾಕಿಕೊಂಡು ಕೂರುತ್ತಿದ್ದೆ. ಸಸಿಗಳ ಚೀಟಿಗೆ ಬರೆಯುವ ಮಾರ್ಕರ್ ಪೆನ್ನಿನಿಂದ ಅಂಚಿಗೆ ನೀಲಿ ಬಳಿಸುತ್ತಿದ್ದರು. ನಾಲ್ಕು ಸಲ ಎಳೆದು ನೋಡಿದರೆ ನೀಲಿ ಎಲ್ಲಿ ಅಳಿಸಿದೆ, ಎಲ್ಲಿ ಉಳಿದಿದೆ ಗೊತ್ತಾಗುತ್ತದೆ. ಉಳಿದ ಕಡೆ ಕಲ್ಲು ಮುಟ್ಟಿಲ್ಲ ಎಂದು ಅರ್ಥ. ಒತ್ತಬೇಡ, ಕಲ್ಲಿಗೆ ಅದರ ಕೆಲಸ ಗೊತ್ತು ಎನ್ನುತ್ತಿದ್ದರು. ನನಗೆ ಅವಸರ. ಒತ್ತಿ ಒತ್ತಿ ಒಂದು ದಿನ ತುದಿಯನ್ನು ಬೋಳು ಮಾಡಿದೆ, ಎರಡು ದಿನದ ಕೆಲಸ ನೀರುಪಾಲಾಯಿತು. ಬೈಯುತ್ತಾರೆ ಎಂದು ಕಾದೆ. ಹೋಗಲಿ, ಚಾಕು ಇನ್ನೂ ಸಾಕಷ್ಟಿದೆ ಎಂದು ಮತ್ತೆ ನೀಲಿ ಬಳಿಯಲು ಹೇಳಿದರು.

ಒಮ್ಮೊಮ್ಮೆ ನಾನು ಎಳೆಯುತ್ತಿದ್ದರೆ ಕಲ್ಲು ನೋಡದೆ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಸವೆದ ಕಬ್ಬಿಣ ಮಡಚಿಕೊಂಡು ಅಂಚಿನಾಚೆ ಬೆರಳಿಗೆ ತರಿ ಸಿಗತೊಡಗಿದ ದಿನ, ಸಾಕು, ಇನ್ನು ನುಣ್ಣನೆ ಕಲ್ಲಿಗೆ ಹೋಗು ಎಂದರು. ಬೆಲ್ಟಿನ ಮೇಲೆ ಎಳೆದು ಮುಗಿಸಿದಾಗ ಅಲಗು ಕೊಂಡಾಗಿನ ಅರ್ಧ ಅಗಲಕ್ಕೆ ಇಳಿದಿತ್ತು. ಮೊದಲ ಕಡ್ಡಿ ಕೆತ್ತಿದೆ. ಕೊಯ್ತವನ್ನು ತಮ್ಮ ಚಾಕುವಿನ ಚಪ್ಪಟೆ ಮಗ್ಗುಲಿಗೆ ಆನಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ನಡುವೆ ಬೆಳಕು ತೂರಲಿಲ್ಲ.

ಮೂರು ವಾರದ ಮೇಲೆ ನನ್ನ ಮುಂದೆ ಬಿದ್ದದ್ದು ಆರೇ ಆರು ಒಣಕಡ್ಡಿ. ಹಳದಿ ಪಟ್ಟಿಯ ಮೇಲೆಲ್ಲ ತಾಮ್ರದ ಬಣ್ಣದ ಎಳೇ ಚಿಗುರು. ನಾನು ಸಾಲುಗಳ ನಡುವೆ ನಿಂತು ಅತ್ತೆ, ಸಂತೋಷಕ್ಕೆ ಅತ್ತೆ. ಯಜಮಾನರು ಕಸಿ ಸಾಲಿಗೆ ವಾಪಸ್ ಕರೆದರು. ಬಾಗೇಪಲ್ಲಿಯ ಹೆಂಗಸು, ಈಗ ಕೈಗುಣ ಬಂತು ನೋಡು, ಯಾವ ದೇವರಿಗೆ ಹರಕೆ ಕಟ್ಟಿದ್ದೆ ಎಂದು ಕೇಳಿದಳು. ಮೇಸ್ತ್ರಿ ಎದ್ದು ಹೋದದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಅವರ ಕೈ ಬ್ಯಾಂಡೇಜು ಬಿಚ್ಚಿದ ಮೇಲೆ ಒಂದು ದಿನ ಬಂದು, ನಾಳೆ ರಜ ಹಾಕು, ಮುರುಗಮಲ್ಲಕ್ಕೆ ಹೋಗಣ, ಚಾಕು ತಗೊಂಡು ಬಾ ಎಂದರು. ದರ್ಗಾಕ್ಕೆ ಹರಕೆ ಇರಬೇಕು ಎಂದುಕೊಂಡೆ. ಅಲ್ಲಿಗೆ ಯಾವ ಜಾತಿಯವರೂ ಹೋಗುತ್ತಾರೆ. ಆದರೆ ಚಾಕು ಯಾಕೆ? ಕೇಳಿದರೆ ಹೇಳಲಿಲ್ಲ. ಬಸ್ಸಿನಲ್ಲಿ ನಾನು ಆಧಾರ್ ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡೆ, ಅವರು ತಮ್ಮದಕ್ಕೆ ಕೊಟ್ಟು, ಗಂಡಸಾಗಿ ಹುಟ್ಟಿದ್ದೇ ದಂಡ ಎಂದು ಕಂಡಕ್ಟರನ್ನು ನಗಿಸಿದರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಶಿಡ್ಲಘಟ್ಟ ದಾಟಿದೆವು. ಅವರ ಕಾಲ ಬಳಿ ಒಂದು ಕೈಚೀಲವಿತ್ತು. ಅದರೊಳಗೆ ಪ್ಯಾಕೆಟ್ಟಿನಲ್ಲಿ ಒಂದು ನಾಟಿ ಸಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಸಿಕಡ್ಡಿ.

ಚಿಂತಾಮಣಿ ಹತ್ತಿರವಾದಾಗ ಹೇಳಿದರು. ಇಪ್ಪತ್ತು ವರ್ಷಕ್ಕೂ ಹಿಂದೆ ಅವರು ಬೇರೆ ತೋಟದಲ್ಲಿ ಮೇಸ್ತ್ರಿಯಾಗಿದ್ದಾಗ ರತ್ನಮ್ಮ ಎಂಬ ಹುಡುಗಿ ಕಸಿ ಕಲಿಯಲು ಬಂದಿದ್ದಳಂತೆ. ಚುರುಕಂತೆ. ಒಮ್ಮೆ ಎಡಗೈಯಲ್ಲಿ ಟೀ ಲೋಟ ಕೊಟ್ಟಳೆಂದು ಇವರು ಗದರಿದ್ದು ಚೆನ್ನಾಗಿ ನೆನಪಿದೆಯಂತೆ. ಅವಳ ಕಸಿಗಳೂ ಹೀಗೇ ಸತ್ತವು. ಇವರು ಎಲ್ಲರ ಮುಂದೆ ಅದೇ ಮಾತು ಹೇಳಿದರು. ಅವಳು ಮಾರನೇ ದಿನದಿಂದ ಬರಲಿಲ್ಲ. ಈಗ ಮುರುಗಮಲ್ಲದಲ್ಲಿ ದರ್ಗಾಕ್ಕೆ ಬರುವವರಿಗೆ ಹೂವು, ಸಕ್ಕರೆ ಮಾರುವ ಅಂಗಡಿ ಇಟ್ಟಿದ್ದಾಳೆ ಎಂದು ವಿಚಾರಿಸಿಕೊಂಡಿದ್ದರು.

"ನಿಂದು ಮೂರು ತಿಂಗ್ಳಿಗೆ ತಿಳೀತು ಕಣಮ್ಮ," ಎಂದರು ಕಿಟಕಿಯ ಕಡೆ ತಿರುಗಿ. "ಅವಳ್ದು?"

ಅಂಗಡಿ ಸಿಕ್ಕಿತು. ತಗಡಿನ ಚಪ್ಪರ, ಮುಂದೆ ಬುಟ್ಟಿಯಲ್ಲಿ ಗುಲಾಬಿ, ಪೊಟ್ಟಣ ಕಟ್ಟಿಟ್ಟ ಸಕ್ಕರೆ. ಕೂತಿದ್ದ ಹೆಂಗಸಿಗೆ ನಲವತ್ತೈದರ ಮೇಲಿರಬೇಕು. ಎಷ್ಟು ಕೊಡಲಿ ಎಂದು ತಲೆ ಎತ್ತಿದವರು ಗುರುತು ಹಿಡಿದು, ಮೇಸ್ತ್ರಿ ಅಲ್ವಾ ಎಂದು ಎದ್ದು ನಿಂತರು. ಪ್ಲಾಸ್ಟಿಕ್ ಸ್ಟೂಲು ಒರೆಸಿ ಹಾಕಿದರು. ಮೇಸ್ತ್ರಿ ಕೂರಲಿಲ್ಲ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದರು.

"ಅವತ್ತು ನಿನ್ನ ಕೈ ಸರಿಯಾಗೇ ಇತ್ತಮ್ಮ. ಚಾಕು ಬಲಗೈಯೋರ್ದು. ನಂಗೆ ಗೊತ್ತಾಗ್ಲಿಲ್ಲ. ಕೈಗುಣ ಇಲ್ಲ ಅಂದ್ನಲ್ಲ, ಅದು ತಪ್ಪು. ತಪ್ಪು ನಂದು."

ರತ್ನಮ್ಮ ಸ್ವಲ್ಪ ಹೊತ್ತು ಸಕ್ಕರೆ ಪೊಟ್ಟಣಗಳನ್ನು ಸರಿ ಮಾಡಿದರು. ಅಷ್ಟರಲ್ಲಿ ಯಾರೋ ಹೂವು ಕೇಳಿದರು, ಕೊಟ್ಟು ಕಳಿಸಿದರು. ಮರೆತಿರಬಹುದು, ಇಷ್ಟು ದೂರ ಬಂದದ್ದು ದಂಡವಾಯಿತು ಎಂದು ನಾನು ಅಂದುಕೊಳ್ಳುತ್ತಿದ್ದೆ.

"ಮನೆ ಮುಂದೆ ಒಂದು ಕರಿಬೇವಿನ ಗಿಡ ಹಾಕಿಲ್ಲ ಮೇಸ್ತ್ರಿ ನಾನು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಜಾಗ ಐತೆ, ನೀರೈತೆ. ನನ್ನ ಕೈ ತಾಕಿದ್ರೆ ಒಣಗುತ್ತೆ ಅಂತ. ಈ ಹೂವೂ ಕಿತ್ತು ತಂದಿದ್ದನ್ನ ಮಾರ್ತೀನಿ, ಬೆಳೆಯಲ್ಲ. ನಮ್ಮ ಸೊಸೆ ಬಂದ್ಮೇಲೆ ಅವಳ ಕೈಲೇ ಹಾಕಿಸ್ತಿದ್ದೀನಿ ಎಲ್ಲಾನೂ."

ನಿಂತೇ ಇದ್ದ ಮೇಸ್ತ್ರಿ ಆಗ ಸ್ಟೂಲಿನ ಮೇಲೆ ಕೂತರು. ಅವರ ಮುಖ ನೋಡಲು ನನಗಾಗಲಿಲ್ಲ. ಆ ಹೊತ್ತಿಗೆ ನನ್ನ ಹಳೇ ಸಿಟ್ಟು ಎಲ್ಲಿ ಹೋಯಿತೋ, ಅಯ್ಯೋ ಪಾಪ ಎನಿಸಿತು. ಅವರು ಕೈಚೀಲದಿಂದ ಸಸಿ ತೆಗೆದು ಹೂವಿನ ಬುಟ್ಟಿಯ ಪಕ್ಕ ಇಟ್ಟರು. ಒದ್ದೆ ಬಟ್ಟೆ ಬಿಚ್ಚಿ ಕಡ್ಡಿಗಳನ್ನು ಇಟ್ಟರು. ನನ್ನ ಕಡೆ ಕೈ ಚಾಚಿದರು, ನಾನು ಚಾಕು ಕೊಟ್ಟೆ. ಕೊಡುವಾಗಲೇ ಅದು ವಾಪಸ್ ಬರುವುದಿಲ್ಲ ಎಂದು ತಿಳಿದಿತ್ತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೂ ಕೊಟ್ಟೆ.

ಅವರು ಅಲಗು ಬಿಚ್ಚಿ, ಹಿಡಿಯನ್ನು ಮುಂದೆ ಮಾಡಿ ರತ್ನಮ್ಮನ ಕಡೆ ನೀಡಿದರು. ಬೇಡ ಮೇಸ್ತ್ರಿ, ಮರೆತು ಹೋಗಿದೆ ಎಂದರು ರತ್ನಮ್ಮ. ಇವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡವರು ಕೊಟ್ಟದ್ದನ್ನು ಎಷ್ಟು ಹೊತ್ತು ಹಾಗೇ ಬಿಡುವುದು ಎಂದೋ ಏನೋ, ಆಕೆ ನಾವೆಲ್ಲ ಕಲಿತ ಮರ್ಯಾದೆಯಂತೆ ಬಲಗೈ ಚಾಚಿದರು. ಮೇಸ್ತ್ರಿ ಚಾಕು ಬಿಡಲಿಲ್ಲ.

"ಆ ಕೈ ಅಲ್ಲಮ್ಮ," ಎಂದರು. "ನಿನ್ನ ಕೈ ಕೊಡು."

ರತ್ನಮ್ಮ ಅಕ್ಕಪಕ್ಕದ ಅಂಗಡಿಗಳ ಕಡೆ ಒಮ್ಮೆ ನೋಡಿ, ಎಡಗೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು.